ಎರಡು ಮೊಳ ಟೇಪು

ನನ್ನ ಹತ್ತಿರ ಹದಿನೇಳು ಟೇಪ್ ಯಂತ್ರಗಳಿವೆ. ಎಲ್ಲವೂ ರೀಲಿನವು, ಕ್ಯಾಸೆಟ್ಟಿಗೂ ಹಿಂದಿನ ಕಾಲದವು. ಒಂದನ್ನು ಎತ್ತಿಟ್ಟರೆ ಎರಡು ದಿನ ಸೊಂಟ ಮಾತಾಡುತ್ತದೆ. ಹಾಲಿನಲ್ಲಿ ಆರು, ಮಂಚದಡಿ ನಾಲ್ಕು, ಉಳಿದ ಏಳು ಹಿಂದಿನ ಕೋಣೆಯಲ್ಲಿ, ನಾನು ಬಿಚ್ಚಿ ಕೂಡಿಸುವ ಮೇಜಿನ ಸುತ್ತ.

"ಒಬ್ಬಳು ಸವತಿ ಇದ್ರೇ ಮನೆ ರಣರಂಗ ಅಂತಾರೆ. ನಾನು ಹದಿನೇಳು ಸವತಿಯರ ಧೂಳು ಹೊಡೀತೀನಿ ನೋಡಿ," ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಬೀದಿಯವರು ನನಗೆ ಇಟ್ಟ ಹೆಸರು ರೀಲಪ್ಪ.

ಗುಜರಿ ಅಂಗಡಿ, ಹರಾಜು, ಸತ್ತವರ ಮನೆಯ ಅಟ್ಟ, ಎಲ್ಲಿಂದಲೋ ಹೊತ್ತು ತರುತ್ತೇನೆ. ಒಳಗಿನ ಬೆಲ್ಟು ಕರಗಿ ಡಾಂಬರಾಗಿರುತ್ತದೆ, ರಬ್ಬರಿನ ಚಕ್ರ ಕಲ್ಲಾಗಿರುತ್ತದೆ. ಟೇಪನ್ನು ಓದುವ ಉಗುರಿನಷ್ಟು ಲೋಹಕ್ಕೆ ಹೆಡ್ಡು ಎನ್ನುತ್ತೇವೆ. ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒರೆಸಿ ಕನ್ನಡಿ ಮಾಡುತ್ತೇನೆ. ಕೊನೆಗೆ ಎರಡು ರೀಲುಗಳು ತಿರುಗಲು ತೊಡಗಿದಾಗ ಕೂತು ನೋಡುತ್ತೇನೆ. ಜನ ಇದನ್ನು ಹವ್ಯಾಸ ಎನ್ನುತ್ತಾರೆ. ಹವ್ಯಾಸ ಎಂಬುದು ನೆಮ್ಮದಿಯಾಗಿ ನಿದ್ದೆ ಮಾಡುವವರ ಮಾತು. ಈ ಹದಿನೇಳರಲ್ಲಿ ಒಂದರಲ್ಲೂ ನಾನು ಈವರೆಗೆ ಒಬ್ಬರ ದನಿಯನ್ನೂ ಹಿಡಿದಿಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ.

"ಯಾರ್ರೀ ಒಳಗೆ? ಟೇಪ್ ರಿಪೇರಿಯವರು ಇದ್ದಾರಾ?"

ಬಾಗಿಲಲ್ಲಿ ನಲವತ್ತು ದಾಟಿದ ಒಬ್ಬ ಹೆಂಗಸು. ಬಸ್ ಕಂಡಕ್ಟರಳ ಸಮವಸ್ತ್ರ, ಹೆಗಲಲ್ಲಿ ಚರ್ಮದ ಚೀಲ. ಹೊಟ್ಟೆಯಿಂದ ಎದ್ದು ಬರುವ ದನಿ, ಮೈಕು ಬೇಡದ ದನಿ.

"ಇರದೆ ಎಲ್ಲಿಗೆ ಹೋಗ್ತಾರಮ್ಮ, ಸವತಿಯರು ಬಿಡಬೇಕಲ್ಲ," ಎಂದಳು ನನ್ನ ಹೆಂಡತಿ.

ಕಂಡಕ್ಟರಮ್ಮ ನಕ್ಕು ಒಳಬಂದಳು. ಚೀಲದಿಂದ ಒಂದು ಚಪ್ಪಟೆ ರಟ್ಟಿನ ಡಬ್ಬ ತೆಗೆದು ಮೇಜಿನ ಮೇಲೆ ಇಟ್ಟಳು.

"ಆ ಹಳೇ ನೂಲಿನ ಮಿಲ್ಲು ಒಡೆದ್ರಲ್ಲ ಯಜಮಾನ್ರೇ, ಆಫೀಸಿನ ಸಾಮಾನೆಲ್ಲ ಗುಜರಿಗೆ ಬಂತು. ಗುಜರಿ ಇರೋದು ನಮ್ಮ ಬಸ್ಸಿನ ಕೊನೇ ಸ್ಟಾಪಲ್ಲೇ. ಮೂರು ತಿಂಗಳು ದಿನಾ ಹೋಗಿ ಕೆದಕಿದೆ. ಕೋಳಿ ಹಾಗೆ ಕೆದಕ್ತೀಯಲ್ಲಮ್ಮ ಅಂತ ಗುಜರಿಯವನು ಬೈದ. ಕೊನೆಗೂ ಸಿಕ್ತು."

"ಏನಿದೆ ಇದರಲ್ಲಿ?"

"ನಮ್ಮಮ್ಮ."

ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡೆ. ಆಕೆಯೇ ಹೇಳಿದಳು. "ನಂಗಾಗ ಹನ್ನೊಂದು ತಿಂಗಳು. ಅಮ್ಮ ಗೇಟಿನ ಮುಂದೆ ನಿಂತು ಭಾಷಣ ಮಾಡಿದ್ಲಂತೆ. ಮ್ಯಾನೇಜರು ಕದ್ದು ರೆಕಾರ್ಡ್ ಮಾಡಿಸಿದ್ನಂತೆ. ನನ್ನ ಸಾಕಿದ ದೊಡ್ಡಮ್ಮ ಹೇಳ್ತಾಳೆ. ಮಾರನೇ ವಾರ ಕೆಲಸ ಹೋಯ್ತು, ಇನ್ಯಾವ ಮಿಲ್ಲಲ್ಲೂ ಸೇರಿಸ್ಕೊಳ್ಳಲಿಲ್ಲ. ಸುಣ್ಣದ ಭಟ್ಟಿಗೆ ಹೋದ್ಲು. ಎರಡು ವರ್ಷ. ಎದೆ ಸುಟ್ಟುಕೊಂಡು ಸತ್ಲು. ಫೋಟೋ ಒಂದಿದೆ, ಗುಂಪಲ್ಲಿ, ಮುಖ ಸಾಸಿವೆಯಷ್ಟು. ಹಳಬರು ಬಸ್ಸು ಹತ್ತಿದ್ರೆ ಅಂತಾರೆ, ಅಯ್ಯೋ ಅದೇ ದನಿ ಕಣೇ, ನಿಮ್ಮಮ್ಮ ಗಂಟೆಯಕ್ಕನ ದನಿ ಅಂತ. ಇಪ್ಪತ್ತು ವರ್ಷದಿಂದ ಟಿಕೆಟ್ ಟಿಕೆಟ್ ಅಂತ ಕಿರುಚ್ತಿದೀನಿ. ಕಿರುಚ್ತಿರೋದು ಯಾರು ಅಂತ ಒಂದ್ಸಲ ಗೊತ್ತಾಗಬೇಕು ನಂಗೆ."

ಡಬ್ಬವನ್ನು ತಿರುಗಿಸಿದೆ. ಬೆನ್ನ ಮೇಲೆ ನೀಲಿ ಶಾಯಿಯಲ್ಲಿ ಬರೆದಿತ್ತು: ಗೇಟ್ ಸಭೆ, ಸುತ್ತುವ ವಿಭಾಗ. ಕೆಳಗೆ ಕೆಂಪಿನಲ್ಲಿ: ಅಳಿಸಲಾಗಿದೆ.

ಆ ಕೈಬರಹ ನನ್ನದು.

"ಅಳಿಸಿದೆ ಅಂತ ಬರೆದವ್ರೆ. ಅಳಿಸಿದ್ರೆ ಪೂರ್ತಿ ಹೋಗುತ್ತಾ ಯಜಮಾನ್ರೇ?"

"ನೋಡ್ತೀನಿ. ವಾರದ ರಜೆ ಯಾವತ್ತು?"

"ಗುರುವಾರ."

"ಗುರುವಾರ ಬಾಮ್ಮ."

ಆ ಮಿಲ್ಲಿನಲ್ಲಿ ಸೈರನ್ನು, ಲೌಡ್‌ಸ್ಪೀಕರು ನನ್ನ ಕೆಲಸ. ಆಗ ನನಗೆ ಇಪ್ಪತ್ತನಾಲ್ಕು ವಯಸ್ಸು. ಸುತ್ತುವ ವಿಭಾಗದಲ್ಲಿ ನೂಲನ್ನು ಉಂಡೆಗೆ ಸುತ್ತುವವರೆಲ್ಲ ಹೆಂಗಸರು. ಪಾಳಿ ಮುಗಿಯುವವರೆಗೆ ಹೊರಗಿನಿಂದ ಚಿಲಕ. ಬಾಣಂತಿಯರ ರವಿಕೆ ಹಾಲಿನಿಂದ ನೆನೆದು ಅದರ ಮೇಲೆ ಹತ್ತಿಯ ಧೂಳು ಕೂತು ಅಂಟಾಗುತ್ತಿತ್ತು. ಗೇಟಿನಾಚೆ ಮರದ ಕೆಳಗೆ ಅಜ್ಜಿಯರು ಅಳುವ ಕೂಸುಗಳನ್ನು ಹಿಡಿದು ಕಾಯುತ್ತಿದ್ದರು. ಹಾಲು ಕುಡಿಸಲು ಹತ್ತು ನಿಮಿಷ ಬಾಗಿಲು ತೆಗೆಯಿರಿ ಎಂಬುದೇ ಅವರ ಬೇಡಿಕೆ. ಅದನ್ನು ಕೇಳಲು ಗಂಟೆಯಕ್ಕ ಗೇಟಿನ ಮುಂದೆ ಬೆಂಚು ಹತ್ತಿದ ದಿನ ನಾನು ಕಾವಲುಗಾರನ ಗೂಡಿನಲ್ಲಿ ಯಂತ್ರ ಇಟ್ಟುಕೊಂಡು ಕೂತಿದ್ದೆ, ಕಿಟಕಿಯ ಸಂದಿಯಲ್ಲಿ ಮೈಕು ತೂರಿಸಿ. ಮ್ಯಾನೇಜರ್ ಸಾಹೇಬರ ಅಪ್ಪಣೆ.

ದುಡಿಯುವವರ ಮಾತನ್ನು ಹಿಡಿದಿಡಲು ದುಡಿಯುವವರ ಹತ್ತಿರ ಯಂತ್ರವಿರಲಿಲ್ಲ. ಇದ್ದದ್ದು ಅವರ ಬಾಯಿ ಮುಚ್ಚಿಸಲು ಹೊಂಚು ಹಾಕಿದವರ ಹತ್ತಿರ. ಹಾಗಾಗಿ ಈ ಊರಿನ ಬಡವರ ದನಿ ಬೇಕಾದರೆ ಇವತ್ತಿಗೂ ಗೂಢಚಾರರ ಕಪಾಟನ್ನೇ ತಡಕಬೇಕು. ನಾನು ಅಂಥ ಒಂದು ಕಪಾಟು.

ಸಾಹೇಬರು ಕೇಳಿಸಿಕೊಂಡರು, ಬೇಕಾದ್ದನ್ನು ಬರೆದುಕೊಂಡರು, ಕದ್ದು ಹಿಡಿದದ್ದಕ್ಕೆ ಸಾಕ್ಷಿ ಉಳಿಯಬಾರದೆಂದು ಅಳಿಸಲು ಹೇಳಿದರು. ಅವತ್ತು ಆಫೀಸಿನ ಯಂತ್ರದ ಬೆಲ್ಟು ಹರಿದಿತ್ತು. ಸಾಹೇಬರ ಮನೆಯಿಂದ ಹಾಡು ಕೇಳುವ ಯಂತ್ರ ತರಿಸಿ ಅದರಲ್ಲೇ ಅಳಿಸಿದೆ. ಮನೆಯ ಯಂತ್ರದ ಹೆಡ್ಡು ಕಿರಿದು, ಆಫೀಸಿನದು ಅಗಲ. ಅಗಲ ರಸ್ತೆಯನ್ನು ಮೋಟು ಪೊರಕೆಯಲ್ಲಿ ಒಂದೇ ಸಲ ಗುಡಿಸಿದಂತೆ. ಒಂದು ಅಂಚಿನಲ್ಲಿ ಧೂಳು ಉಳಿದಿರುತ್ತದೆ. ಈಗಿನ ನನಗೆ ಅದು ನಿದ್ದೆಯಲ್ಲೂ ಗೊತ್ತು. ಆಗಿನ ನನಗೆ ಗೊತ್ತಿರಲಿಲ್ಲ. ಅಳಿಸಲಾಗಿದೆ ಎಂದು ಕೆಂಪು ಶಾಯಿಯಲ್ಲಿ ಬರೆದು ಕೈ ತೊಳೆದುಕೊಂಡೆ.

ಮಾರನೆಯ ಬೆಳಿಗ್ಗೆ ಅಗಲ ಹೆಡ್ಡಿನ ಯಂತ್ರಕ್ಕೆ ರೀಲು ಏರಿಸಿದೆ. ಅಂಥ ಯಂತ್ರ ಈ ಊರಲ್ಲಿ ಇನ್ನು ಉಳಿದಿರುವುದು ನನ್ನ ಮೇಜಿನ ಮೇಲೆ ಮಾತ್ರ. ಮೊದಲು ಬರೀ ಶ್ಶ್ ಎಂಬ ಸದ್ದು. ಸದ್ದಿನ ಅಡಿಯಲ್ಲಿ, ಪಕ್ಕದ ಮನೆಯ ಗೋಡೆಯಾಚೆಯಿಂದ ಎಂಬಂತೆ, ಒಬ್ಬ ಹೆಂಗಸು. ದನಿ ಏರಿಸಿದೆ. ಗಂಟೆಯಕ್ಕ ಮಾತಾಡುತ್ತಿದ್ದಳು.

ಒಂಬತ್ತನೆಯ ನಿಮಿಷದಲ್ಲಿ ಒಂದು ಕೂಸು ಕಿರುಚಿತು. ಮುಂದೆ ಬರುವ ಮಾತನ್ನು ಮರೆತಿದ್ದೆ ಎಂದುಕೊಂಡಿದ್ದೆ. ಇಲ್ಲ, ಒಂದಕ್ಷರ ಮರೆತಿರಲಿಲ್ಲ.

"ಬಂದೆ ಕಂದ, ಬಂದೆ. ಇದೊಂದು ಮಾತು ಮುಗಿಸಿ ಬಂದೆ. ಏಯ್, ಗೂಡಲ್ಲಿ ಕೂತಿರೋ ನಮ್ಮ ಸೈರನ್ ತಮ್ಮಾ! ಬಿಸಿಲಿಗೆ ಬೆಂದು ಹೋಗ್ತೀಯ, ಹೊರಗೆ ಬಾರೋ. ಕದ್ದು ಯಾಕೆ ಹಿಡೀತೀಯ, ಇಲ್ಲೇ ಬಂದು ಹಿಡಿ. ನನ್ನ ಮಗಳ ಅಳೂನೂ ಹಿಡ್ಕೋ ತಮ್ಮಾ, ಅವಳದ್ದೂ ಒಂದು ಬೇಡಿಕೆ."

ಜನ ಹೋ ಎಂದು ನಕ್ಕದ್ದೂ ಟೇಪಿನಲ್ಲಿತ್ತು.

ಇಪ್ಪತ್ತು ಸೆಕೆಂಡು. ಯಂತ್ರ ನಿಧಾನವಾಗಿ ಓಡುವ ವೇಗದಲ್ಲಿ ಹಿಡಿದದ್ದಾದ್ದರಿಂದ ಎರಡು ಮೊಳ ಟೇಪು. ಮೊಳ ಹಾಕಿ ನೋಡಿದೆ. ಟೇಪು ಕೂಡಿಸುವ ಹಿತ್ತಾಳೆಯ ಕಟ್ಟೆ ಹತ್ತಿರದಲ್ಲೇ ಇತ್ತು, ಬ್ಲೇಡು ಹೊಸದು. ಓರೆಯಾಗಿ ಕೊಯ್ದು, ತುದಿಗೆ ತುದಿ ತಾಗಿಸಿ, ಬೆನ್ನಿಗೆ ಅಂಟುಪಟ್ಟಿ ಹಾಕಿ ಉಗುರಿನಿಂದ ಉಜ್ಜಿದೆ. ನನ್ನ ಜೋಡಣೆ ಕಿವಿಗೆ ಸಿಗುವುದಿಲ್ಲ. ಸಂಗ್ರಾಹಕರಲ್ಲಿ ನನಗೆ ಆ ಹೆಸರಿದೆ. ಕೊಯ್ದ ತುಂಡನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲ. ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ.

ಗುರುವಾರ ಕಂಡಕ್ಟರಮ್ಮ ಸಮವಸ್ತ್ರವಿಲ್ಲದೆ, ತಲೆ ಬಾಚಿ, ಮದುವೆ ಮನೆಗೆ ಬಂದವಳ ಹಾಗೆ ಬಂದಳು. ನನ್ನ ಹೆಂಡತಿ ಚಹಾ ತಂದಿಟ್ಟು ಬಾಗಿಲಲ್ಲಿ ನಿಂತಳು. ಗುಂಡಿ ಒತ್ತಿದೆ.

"ಹೊರಗಿಂದ ಚಿಲಕ ಹಾಕ್ತೀರಲ್ಲ, ನಾವೇನು ಕುರಿಗಳಾ? ಕುರೀನಾದ್ರೂ ಮರಿಗೆ ಹಾಲು ಕೊಡೋಕೆ ಬಿಡ್ತಾರೆ. ಹತ್ತು ನಿಮಿಷ ಸಾಹೇಬ್ರೇ, ನಿಮ್ಮ ಒಂದು ಸಿಗರೇಟು ಮುಗಿಯೋ ಹೊತ್ತು!"

ಕಂಡಕ್ಟರಮ್ಮ ಬಾಯಿ ತೆರೆದೇ ಕೂತಿದ್ದಳು. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಳ್ಳುವವಳಂತೆ, "ಹತ್ತು ನಿಮಿಷ ಸಾಹೇಬ್ರೇ," ಎಂದಳು. ಮತ್ತೆ ಗಟ್ಟಿಯಾಗಿ, "ಹತ್ತು ನಿಮಿಷ ಸಾಹೇಬ್ರೇ!" ಯಾವುದು ಯಂತ್ರದ್ದು, ಯಾವುದು ಅವಳದ್ದು, ನನ್ನ ಕಿವಿಗೇ ತಿಳಿಯಲಿಲ್ಲ. ನನ್ನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು.

"ನಂದೇ ಅಲ್ವಾ ಯಜಮಾನ್ರೇ ಇದು? ಅಯ್ಯೋ... ಇಷ್ಟು ವರ್ಷ ಅಮ್ಮನ್ನ ಬಸ್ಸಲ್ಲಿ ಊರೆಲ್ಲಾ ಸುತ್ತಿಸಿದೀನಲ್ಲ ನಾನು!" ನಗುತ್ತಲೇ ಅತ್ತಳು.

ಟೇಪು ಮುಗಿಯಿತು. ತುಂಬಿದ ರೀಲು ಟೇಪಿನ ತುದಿ ಬಡಿಯುತ್ತ ಟಪಟಪ ಎಂದು ಸುತ್ತುತ್ತಿತ್ತು. ನಿಲ್ಲಿಸಿದೆ.

"ನಾನೆಲ್ಲಿ?" ಎಂದಳು.

"ಅಂದ್ರೆ?"

"ನಡುವೆ ನಾನು ಕಿರುಚಿದ್ನಂತೆ, ಅಮ್ಮ ಮಾತು ನಿಲ್ಲಿಸಿ ನನ್ನ ಸಮಾಧಾನ ಮಾಡಿದ್ಲಂತೆ, ಜನ ಎಲ್ಲಾ ನಕ್ಕಿದ್ರಂತೆ. ಏನಂದ್ಲು ಅಂತ ಮಾತ್ರ ದೊಡ್ಡಮ್ಮಂಗೆ ನೆನಪಿಲ್ಲ. ಅಮ್ಮ ನಂಗೆ ಅಂತ ಆಡಿದ್ದು ಒಂದು ಮಾತಾದ್ರೂ ಬೇಕಿತ್ತು."

"ಆ ಜಾಗ ಅಳಿಸಿ ಹೋಗಿರಬೇಕಮ್ಮ."

ನಾಲಿಗೆ ತಡವರಿಸಲೂ ಇಲ್ಲ. ಅವಳು ತಲೆಯಾಡಿಸಿದಳು. "ಹೋಗ್ಲಿ ಬಿಡಿ. ಇಷ್ಟಾದ್ರೂ ಕೊಟ್ರಲ್ಲ. ಮೂರು ಕಡೆ ಹೋಗಿದ್ದೆ, ಎಲ್ಲರೂ ಖಾಲಿ ಅಂತ ವಾಪಸ್ ಕಳಿಸಿದ್ರು." ನನ್ನ ಬಲಗೈ ಹಿಡಿದು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ಆ ಒದ್ದೆ ನನ್ನ ಬೆರಳಿಗೆ ತಾಗಿತು. ಅವಳ ಅಮ್ಮನನ್ನು ಅಳಿಸಿದ ಬೆರಳು. ಎರಡು ಸಲ ಅಳಿಸಿದ ಬೆರಳು.

ಕೈ ಕಿತ್ತುಕೊಂಡೆ. ಜೇಬಿನಿಂದ ಸುರುಳಿ ತೆಗೆದು ಮೇಜಿನ ಮೇಲಿಟ್ಟೆ.

"ಇಲ್ಲಿದೆ. ನಾನೇ ಕೊಯ್ದೆ, ಮೊನ್ನೆ. ನಿಮ್ಮಮ್ಮ ಇದರಲ್ಲಿ ನನ್ನನ್ನೂ ಕರೀತಾಳೆ. ಗೂಡಲ್ಲಿ ಕೂತು ಹಿಡಿದವನು ನಾನು. ಆ ಡಬ್ಬದ ಮೇಲಿನ ಅಕ್ಷರ ನಂದು."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ನಾನು ಟೇಪಿನಲ್ಲಿದ್ದ ಮಾತನ್ನು ಅಕ್ಷರ ಬಿಡದೆ ಹೇಳಿದೆ. ಕಂದ ಎಂದದ್ದು, ತಮ್ಮಾ ಎಂದದ್ದು, ಅಳುವೂ ಒಂದು ಬೇಡಿಕೆ ಎಂದದ್ದು. ನನ್ನ ಬೋಳು ದನಿಯಲ್ಲಿ.

"ಹೊರಗೆ ಬಾ ಅಂತ ಕರೆದ್ಲಲ್ಲ," ಎಂದಳು. "ಬಂದ್ರಾ?"

"ಇಲ್ಲ."

"ಅಷ್ಟು ಜನ ಹೆಂಗಸರು, ಸಾಹೇಬನಿಗೆ ದನಿ ಯಾರದ್ದು ಅಂತ ಹೇಗೆ ಗೊತ್ತಾಯ್ತು?"

"ಕೇಳಿದ್ರು. ಹೆಸರು ಹೇಳಿದೆ."

"ಹೊಡೆದ್ರಾ ನಿಮಗೆ?"

"ಇಲ್ಲ."

"ಹೆದರಿಸಿದ್ರಾ?"

"ಇಲ್ಲಮ್ಮ. ಬರೀ ಕೇಳಿದ್ರು."

ಬೈದಿದ್ದರೆ, ಆ ಯಂತ್ರವನ್ನು ಎತ್ತಿ ನೆಲಕ್ಕೆ ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು. "ಸೇರಿಸಿ ಕೊಡಿ," ಎಂದಳು ಅಷ್ಟೇ.

ಕೊಯ್ದ ಜಾಗ ಹುಡುಕಿ ಬಿಡಿಸಿ ಎರಡು ಮೊಳವನ್ನು ಮತ್ತೆ ಕೂಡಿಸಿದೆ. ತುದಿಗಳು ಕಟ್ಟೆಯ ಮೇಲೆ ನಿಲ್ಲಲಿಲ್ಲ. ಕೊನೆಗೆ ಅವಳೇ ಒಂದು ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದಳು. ಜೋಡಣೆ ಸೊಟ್ಟಗೆ ಬಂತು.

"ಹಾಕ್ಲಾ?"

"ಬೇಡ." ರೀಲನ್ನು ಡಬ್ಬಕ್ಕೆ ಹಾಕಿ ಎದ್ದು ನಿಂತಳು. "ಅಮ್ಮ ತಮ್ಮಾ ಅಂದ್ಮೇಲೆ ನೀವು ನಂಗೆ ಸೋದರಮಾವ. ಮಾವನ ತೊಡೆ ಮೇಲೆ ಕೂತು ಕೇಳಬೇಕಿತ್ತು ಇದನ್ನ. ನಿಮ್ಮ ಮುಂದೆ ಮಾತ್ರ ಕೇಳೋಕೆ ಆಗಲ್ಲ ನಂಗೆ."

"ಬೇರೆ ಯಂತ್ರದಲ್ಲಿ ಇದು ಕೇಳ್ಸಲ್ಲಮ್ಮ. ಈ ಯಂತ್ರಾನೂ ತಗೊಂಡು ಹೋಗು. ನಿಂದೇ ಅಂತ ಇಟ್ಕೋ."

"ಇದನ್ನ ಒತ್ತಿದಾಗೆಲ್ಲ ನಿಮ್ಮ ಕೈ ನೆನಪಾಗುತ್ತೆ," ಎಂದು ಹೊರಟು ಹೋದಳು.

ಬಾಗಿಲಲ್ಲಿದ್ದ ನನ್ನ ಹೆಂಡತಿ ಚಹಾದ ಲೋಟಗಳನ್ನು ಎತ್ತಿಕೊಂಡಳು. "ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ. ನಂಗೂ ಹೇಳಲಿಲ್ಲ," ಎಂದಳು. ಅವತ್ತಿನಿಂದ ಸವತಿಯರ ಜೋಕು ನಿಂತಿದೆ. ಧೂಳು ಹೊಡೆಯುವುದೂ ನಿಂತಿದೆ.

ಎರಡು ವಾರ ಕಾದೆ. ಬರಲಿಲ್ಲ. ಅವಳ ಮನೆಯ ಕಪಾಟಿನಲ್ಲಿ, ಬಟ್ಟೆಯ ನಡುವೆ, ಆ ರೀಲು ಮೂಕವಾಗಿ ಕೂತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ತಾಯಿ ಕಂದ ಎಂದು ಕರೆದದ್ದನ್ನು ಅವಳು ಇನ್ನೂ ಕೇಳಿಲ್ಲ. ನನ್ನ ಬಾಯಲ್ಲಿ ಕೇಳಿದ್ದಾಳೆ, ಅಷ್ಟೇ.

ಯಂತ್ರವನ್ನು ಹಳೆಯ ಹೊದಿಕೆಯಲ್ಲಿ ಕಟ್ಟಿ, ಗುಂಡಿಗಳ ಮೇಲೆ ಯಾವುದು ಯಾವುದಕ್ಕೆ ಎಂದು ಚೀಟಿ ಅಂಟಿಸಿ, ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಒಯ್ದೆ. ಅವಳ ಬಸ್ಸು ನಿಂತಿತ್ತು. ಅವಳು ಕೆಳಗಿಳಿದು ರಿಜಿಸ್ಟರಿಗೆ ಸಹಿ ಹಾಕಿಸುತ್ತಿದ್ದಳು. ಡ್ರೈವರನಿಂದ ಒಂದು ಕೈ ಹಿಡಿಸಿ ಅವಳ ಸೀಟಿನ ಕೆಳಗೆ ಅದನ್ನು ತಳ್ಳಿಸಿ, ಇಳಿದು ಕಂಬದ ಮರೆಗೆ ನಿಂತೆ. ಈ ವಯಸ್ಸಿನಲ್ಲೂ ಮರೆ.

ಹತ್ತಿದಳು. ನೋಡಿದಳು. ಹೊದಿಕೆಯ ಒಂದು ಮೂಲೆ ಸರಿಸಿದಳು. ಆಮೇಲೆ ಕಿಟಕಿಗೆ ಬಂದಳು. ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ, ಮೈಕಿಲ್ಲದೆ:

"ಯಾರದ್ರೀ ಈ ಸಾಮಾನು? ಜೊತೆಗೆ ಮನುಷ್ಯ ಇಲ್ದೆ ಸಾಮಾನು ಇಡಂಗಿಲ್ಲ! ಯಾರದ್ರೀ?"

ಒಂದು ಸಲ ಕೂಗಿದಳು. ಎರಡು ಸಲ ಕೂಗಿದಳು. ಜನ ಅತ್ತಿತ್ತ ನೋಡಿದರು. ಮೂರನೆಯ ಸಲಕ್ಕೆ ನಾನು ಕಂಬ ಬಿಟ್ಟು ಈಚೆ ಬಂದೆ.

"ನಂದು," ಎಂದೆ.

"ಹಾಗಾದ್ರೆ ಇಳಿಸ್ಕೊಳ್ಳಿ. ಟೈಮಾಯ್ತು."

ಇಳಿಸಿಕೊಂಡೆ. ಯಾರೂ ಕೈ ಹಿಡಿಯಲಿಲ್ಲ. ಅವಳು ಸೀಟಿ ಊದಿದಳು, ಬಸ್ಸು ಹೊರಟಿತು. ಯಂತ್ರವನ್ನು ಅಪ್ಪಿಕೊಂಡು ನಾನು ನಿಲ್ದಾಣದ ನಡುವೆ ನಿಂತಿದ್ದೆ. ಹಿಂದಿನಿಂದ ಬಂದ ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು.