ಕಿತ್ತ ಕೇಬಲ್

“ನಿಮ್ಮ ಮಾತು ಯಾವತ್ತೂ ಮೀರಲ್ಲ ಚಿಕ್ಕಪ್ಪ” ಎಂದು ಅವಳು ಮಾತು ಕೊಟ್ಟಿದ್ದು ಎರಡು ಜಡೆಯ ಕಾಲದಲ್ಲಿ. ಅಪ್ಪ ತೀರಿಕೊಂಡ ಮೇಲೆ ಕೈಹಿಡಿದು ಶಾಲೆಗೆ ಸೇರಿಸಿದವರು ಅವರೇ. ಈಗ ಅದೇ ಚಿಕ್ಕಪ್ಪ, ತಾವು ಮುಖ್ಯಸ್ಥರಾಗಿರುವ ಕಾಲೇಜಿನ ನೆಲಮಾಳಿಗೆಯಲ್ಲಿ, ಗಾಜಿನ ಬಾಗಿಲ ಹಿಂದೆ ಹಸಿರು ದೀಪ ಮಿಟುಕಿಸುತ್ತಿದ್ದ ಸರ್ವರ್ ತೋರಿಸಿ, “ಎಲ್ಲಾ ರೆಡಿ. ಬೇಗ ಬರೆದುಬಿಡು, ಚಿಕ್ಕಮ್ಮ ಊಟಕ್ಕೆ ಕಾಯ್ತಿದಾಳೆ” ಎಂದರು.

ಅದು ಮಿರರ್ ಸರ್ವರ್. ಯಾರು ಬೇಕಾದರೂ ಉಚಿತವಾಗಿ ಬಳಸುವ ತಂತ್ರಾಂಶಗಳ ನಕಲನ್ನು ಹತ್ತಿರದಲ್ಲೇ ಇಟ್ಟುಕೊಂಡು, ಕೇಳಿದವರಿಗೆ ಬೇಗ ಒದಗಿಸಬೇಕು. ಅದು ಹೇಳಿದ ಜಾಗದಲ್ಲೇ ಇದೆಯೇ, ಸಿದ್ಧವಿದೆಯೇ ಎಂದು ನೋಡಿ ಮೇಲಿನವರಿಗೆ ವರದಿ ಬರೆದು ಕಳಿಸುವುದು ಅವಳ ಕೆಲಸ. ಅವಳು ಹೂಂ ಎಂದರೆ ಸುತ್ತಲ ಶಾಲೆ, ಆಸ್ಪತ್ರೆಗಳ ಕಂಪ್ಯೂಟರುಗಳೆಲ್ಲ ಇನ್ನು ಇದನ್ನೇ ನೆಚ್ಚಬೇಕು. ಅವಳ ಮಗಳ ಶಾಲೆಯವೂ.

ಲ್ಯಾಪ್‌ಟಾಪನ್ನು ತನ್ನ ಫೋನಿನ ಇಂಟರ್ನೆಟ್ಟಿಗೆ ಜೋಡಿಸಿ, ಮಿರರ್‌ನ ವಿಳಾಸದಿಂದ ದೊಡ್ಡ ಫೈಲೊಂದನ್ನು ಇಳಿಸತೊಡಗಿದಳು. ಅದು ಆಮೆಯಂತೆ ತೆವಳುತ್ತಿತ್ತು. ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕೀಳಲೇ ಎಂದು ಕೇಳಿದ್ದಕ್ಕೆ ಚಿಕ್ಕಪ್ಪ ಧಾರಾಳವಾಗಿ ಕೀಳು ಎಂದರು. ಕಿತ್ತಳು. ಫೈಲು ಇಳಿಯುತ್ತಲೇ ಇತ್ತು.

“ನೋಡಿದ್ಯಾ? ಕಿತ್ರೂ ನಿಲ್ಲಲ್ಲ. ಅಷ್ಟು ಗಟ್ಟಿ ಮಾಲು” ಎಂದು ಅವರು ಬೀಗಿದರು.

ಅವಳು ಕಿತ್ತ ಕೇಬಲನ್ನು ಎತ್ತಿ ಹಿಡಿದಳು. “ಹಸು ಕಟ್ಟಿರೋದು ಇಲ್ಲಿ, ಹಾಲು ಬರ್ತಿರೋದು ಇನ್ನೆಲ್ಲಿಂದಲೋ. ಇದರೊಳಗೆ ಏನೂ ಇಲ್ಲ ಅಲ್ವಾ ಚಿಕ್ಕಪ್ಪ?”

ಅವರು ಮೊದಲು ನಕ್ಕರು, ಆಮೇಲೆ ಗೊಣಗಿದರು. ಸಮುದ್ರದಾಚೆ ಯಾರದೋ ಯಂತ್ರದಲ್ಲಿ ಒಂದು ಮೂಲೆ ಬಾಡಿಗೆಗೆ ಹಿಡಿದಿದ್ದಾರಂತೆ. ಇದು ಬಂದವರಿಗೆ ತೋರಿಸಲಿಕ್ಕಂತೆ. ಸರ್ವರ್‌ಗೆಂದು ಬಂದ ಏಸಿ ಅವರ ಕೋಣೆಯಲ್ಲಿದೆಯಂತೆ, ಸೆಕೆಯಲ್ಲಿ ತಲೆ ಓಡುವುದಿಲ್ಲವಂತೆ. ಎಲ್ಲ ಕಡೆಯೂ ಹೀಗೇ ಅಂತೆ. ಆ ಅಂತೆಕಂತೆಗಳನ್ನೆಲ್ಲ ಅವಳು ತುಟಿ ಕಚ್ಚಿ ಕೇಳಿದಳು. ದೀಪಗಳನ್ನು ಮಾತ್ರ ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದರು!

“ನಿನ್ನ ಬೆಳೆಸಿದೋನು ಕೇಳ್ತಿದೀನಿ. ಸರಿ ಇದೆ ಅಂತ ಬರಿ.”

“ಇದನ್ನ ಬರೆಸೋಕಾ ನನ್ನ ಓದಿಸಿದ್ದು?”

ಚಿಕ್ಕಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು. ಅವಳು ಕೇಬಲನ್ನು ನೆಲಕ್ಕಿಟ್ಟು ಮೆಟ್ಟಿಲ ಮೇಲೆ ಕುಳಿತು ಬರೆದಳು: ಸ್ಥಳ ಸುಳ್ಳು, ಸಿದ್ಧವಿಲ್ಲ. ಕಳಿಸಿಬಿಟ್ಟಳು.

ಅವರಿಗೆ ಕೊಟ್ಟ ಮಾತನ್ನು ಅವಳು ಮುರಿದಳು.