ಅಳಿಸಿದ ಮೆಸೇಜುಗಳ ಜಾಗ

ಪೊಲೀಸ್ ಕೇಸಿನ ಫೋನು ಬಗೆಯುವ ಸಾಫ್ಟ್‌ವೇರುಗಳು ಆ ಲ್ಯಾಬಿನಲ್ಲಿ ಎರಡಿದ್ದವು. ಕಣ್ಣಿಗೆ ಕಾಣುವಷ್ಟನ್ನು ಎತ್ತಿಕೊಟ್ಟು ತೆಪ್ಪಗಾಗುವುದಕ್ಕೆ ಸೊಸೆ ಎಂದೂ, ಮೂಲೆಮೂಲೆ ಕೆದಕಿ ಅಳಿಸಿದ್ದನ್ನೂ ಹೊರಗೆಳೆಯುವುದಕ್ಕೆ ಅತ್ತೆ ಎಂದೂ ಅಲ್ಲಿನ ಪರೀಕ್ಷಕಿಯೇ ಹೆಸರಿಟ್ಟಿದ್ದಳು. ಯಾವ ಫೋನು ಬಂದರೂ ಎರಡಕ್ಕೂ ಕೊಟ್ಟು, ತಾಳೆ ನೋಡಿಯೇ ವರದಿ ಬರೆಯಬೇಕು.

ಈ ಸಲ ಬಂದದ್ದು ಹದಿನಾರು ವರ್ಷದ ಹುಡುಗಿಯ ಫೋನು. ಕ್ಲಾಸಿನ ಐದಾರು ಜನ ಗುಂಪು ಕಟ್ಟಿಕೊಂಡು ಮೂರು ತಿಂಗಳು ಮೆಸೇಜಿನಲ್ಲೇ ಅವಳನ್ನು ಹುರಿದು ಮುಕ್ಕಿದ್ದರು. ನಾಚಿಕೆಗೋ ಹೆದರಿಕೆಗೋ ಅವಳು ಎಲ್ಲವನ್ನೂ ಅಳಿಸಿ, ಮಾರನೆಯ ದಿನ ಪ್ರಾಣ ಕಳೆದುಕೊಂಡಳು. ಗುಂಪಿನವರು ಫೋನು ಬದಲಾಯಿಸಿ, ಏನೂ ಅರಿಯದವರಂತೆ ಪರೀಕ್ಷೆ ಬರೆದು ಪಾಸಾದರು. ಪೊಲೀಸರು ದೂರು ತೆಗೆದುಕೊಳ್ಳುವಷ್ಟರಲ್ಲಿ ಐದು ತಿಂಗಳು. ಉಳಿದ ಸಾಕ್ಷಿ ಹುಡುಗಿಯ ಈ ಫೋನೊಂದೇ. ಅಷ್ಟು ದಿನ ಅದನ್ನು ಜೋಪಾನ ಮಾಡಿದ ತಾಯಿ ಬೆಳಿಗ್ಗೆಯಿಂದ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಗುಂಪಿನವರ ನಂಬರುಗಳನ್ನಷ್ಟೇ ಹುಡುಕಲು ಕೊಟ್ಟಾಗ ಸೊಸೆಗೆ ಏನೂ ಸಿಗಲಿಲ್ಲ. ಪರೀಕ್ಷಕಿ ತಲೆ ಕೆಡಿಸಿಕೊಳ್ಳಲಿಲ್ಲ. ಮೆಸೇಜು ಅಳಿಸಿದ ಮಾತ್ರಕ್ಕೆ ಹೋಗಿಬಿಡುವುದಿಲ್ಲ. ಅದೇ ಜಾಗಕ್ಕೆ ಹೊಸದೊಂದು ಬಂದು ಕೂರುವವರೆಗೂ ಅಲ್ಲೇ ಬಿದ್ದಿರುತ್ತದೆ. ಸತ್ತವಳ ಫೋನಿಗೆ ಹೊಸದು ಎಲ್ಲಿಂದ ಬರಬೇಕು?

ಅತ್ತೆ ಎರಡು ಗಂಟೆ ಕೆದಕಿ ಒಂದು ತುಂಡು ಕೊಟ್ಟಿತು: 'ನಾಳೆ ಬಂದ್ರೆ ನೋಡು'. ಕಳಿಸಿದವರ ನಂಬರಿಲ್ಲ. ಕೊನೆಗೆ ಪರೀಕ್ಷಕಿ ಎರಡನ್ನೂ ಬದಿಗಿಟ್ಟು ತಾನೇ ಒಂದೊಂದು ಸಾಲು ಓದುತ್ತ ಹೋದಳು. ಅಳಿಸಿದವು ಬಿದ್ದಿರಬೇಕಾಗಿದ್ದ ಜಾಗದ ತುಂಬ ಒಂದೇ ನಂಬರು. 'ಊಟ ಮಾಡಿದ್ಯಾ ಪುಟ್ಟಿ?' 'ಸ್ವೆಟರ್ ಒಗ್ದಿಟ್ಟಿದೀನಿ.' 'ಚಿಕ್ಕಮ್ಮ ಬಂದಿದ್ಲು.' ದಿನಕ್ಕೆ ಮೂವತ್ತು, ನಲವತ್ತು, ಎಲ್ಲವೂ ಹುಡುಗಿ ಹೋದ ಮೇಲಿನವು. ತಾಯಿಯ ಮೇಲೆ ಅವಳಿಗೆ ಕೆಂಡದಂಥ ಸಿಟ್ಟು ಬಂತು. ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಸಿಗದಿದ್ದರೆ ಯಾಕೆ ಸಿಗಲಿಲ್ಲವೆಂದು ವರದಿಯಲ್ಲಿ ಬರೆಯಲೇಬೇಕು. ಅದನ್ನು ಕೋರ್ಟಿನಲ್ಲಿ ಎದುರು ಪಕ್ಷದ ವಕೀಲನ ಬಾಯಿಂದ ತಾಯಿ ಕೇಳುವುದು ಬೇಡವೆಂದು ಎದ್ದು ಹೊರಗೆ ಬಂದಳು.

"ಸಿಕ್ತಾ ಮೇಡಂ?"

"ಫೋನು ಆನ್ ಮಾಡೇ ಇಟ್ಟಿದ್ರಾ ಅಮ್ಮ?"

"ಹೂಂ, ಒಂದು ದಿನಾನೂ ಚಾರ್ಜ್ ಇಳಿಯೋಕೆ ಬಿಟ್ಟಿಲ್ಲ. ನಾನು ಅಡುಗೆಮನೆಯಿಂದ ಕಳಿಸಿದ್ರೆ ಅವಳ ರೂಮಲ್ಲಿ ಸದ್ದಾಗೋದು. ಒಳಗೆ ಇದಾಳೆ ಅನ್ಸೋದು. ಬೇರೆ ಏನೂ ಮುಟ್ಟಿಲ್ಲ."

ಪರೀಕ್ಷಕಿ ಪಕ್ಕದಲ್ಲಿ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಾಯಿ ಕದಲದೆ ಕೇಳಿದಳು.

"ಅಂದ್ರೆ ಅವರು ಬರೆದಿದ್ದನ್ನ ನಾನೇ ಅಳಿಸಿದ್ನಾ?"

"ನಿಮಗೆ ಗೊತ್ತಿರ್ಲಿಲ್ಲ ಅಮ್ಮ."

"ಇಲ್ಲಿ ಕೂತ್ಕೊಂಡೂ ನಾಲ್ಕು ಕಳಿಸಿದೀನಿ. ಅವೂ ಹೋಗಿ ಕೂತಿರ್ತಾವಾ?"

"ಇಲ್ಲ. ಫೋನು ಇಲ್ಲಿಗೆ ಬಂದ ತಕ್ಷಣ ನೆಟ್‌ವರ್ಕ್ ಕಟ್ ಮಾಡ್ತೀವಿ. ಅವು ತಲುಪಿಲ್ಲ."

"ತಲುಪಿಲ್ವಾ?" ಎಂದಳು ತಾಯಿ. ಅಲ್ಲಿಯವರೆಗೂ ಗಟ್ಟಿಯಾಗಿ ಕೂತಿದ್ದವಳು ಆಗ ಅಳತೊಡಗಿದಳು.