ತಿರುಗಬಾರದ ಅಚ್ಚು

ರಫೀಕ್ ತಂದ ಹಾರ ಹೆಣದ ಕೊರಳಿಗೆ ಬೀಳುವ ಮೊದಲೇ ಆಂಜನೇಯ ಅದನ್ನು ನಡುವೆಯೇ ಹಿಡಿದು ಜಗ್ಗಿದ. ದಾರ ಹರಿದು ಚೆಂಡುಹೂಗಳು ಅಂಗಳದ ತುಂಬ ಉರುಳಿದವು.

“ಕೈ ಹಚ್ಚಬ್ಯಾಡ. ನಮ್ಮಣ್ಣನ್ನ ಕೊಂದು ಹಾರ ಹಾಕಾಕ ಬಂದೀಯೇನು?”

ರಫೀಕ್ ಕೈಯಲ್ಲಿ ಉಳಿದ ತುಂಡನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ. “ಮಣ್ಣಿಗೆ ಬಂದೀನಿ, ಆಂಜನೇಯ. ಮಣ್ಣು ಕೊಟ್ಟು ಹೋಗ್ತೀನಿ.”

“ನೀ ಕೊಡೋ ಮಣ್ಣು ಅಂವನ ಮ್ಯಾಲೆ ಬೀಳಂಗಿಲ್ಲ.”

ಗೊರೇಬಾಳದಲ್ಲಿ ಇಂಥ ಮಾತಿಗೆ ತೂಕವಿತ್ತು. ಮಣ್ಣು ಕೊಡಗೊಡದೆ ಯಾರನ್ನಾದರೂ ಹೂಳುವ ಕುಣಿಯ ಬಳಿಯಿಂದ ಹಿಂದೆ ಕಳಿಸಿದರೆ ಸಾವು ಅವನ ಹೆಸರಿಗೇ ಉಳಿಯುತ್ತದೆ. ಆಮೇಲೆ ಠಾಣೆ ಏನು ಬರೆದುಕೊಂಡರೂ ಊರು ಕೇಳುವುದಿಲ್ಲ.

ಆಂಜನೇಯನ ಅಣ್ಣ ಬಾಲಪ್ಪ ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಕುಳಿತಿದ್ದ. ಬೀಳದಂತೆ ಎದೆಗೆ ಧೋತರದ ಪಟ್ಟಿ ಕಟ್ಟಿದ್ದರು. ತಲೆಯ ಗಾಯ ಕಾಣದಂತೆ ರುಮಾಲು ಸುತ್ತಿದ್ದರು. ಅವನು ಆ ಊರ ಉಪಕಾಲುವೆಯ ನೀರಗಂಟಿ. ತೂಬಿನ ಗೇಟು ಎತ್ತುವುದು, ಇಳಿಸುವುದು, ಕದ್ದು ಪೈಪು ಹಾಕಿದವರನ್ನು ಹಿಡಿಯುವುದು ಅವನ ಕೆಲಸ. ನಿನ್ನೆ ಮುಂಜಾನೆ ಕಾಲುವೆಯ ಸೇತುವೆಯ ಏರು ಹತ್ತುವಾಗ ಅವನ ಕರೆಂಟಿನ ಸೈಕಲ್ಲಿನ ಮುಂದಿನ ಗಾಲಿ ಕಳಚಿಬಿತ್ತು. ತಲೆ ಕಾಲುವೆಯ ಕಲ್ಲಿಗೆ ಬಡಿಯಿತು. ಆ ಗಾಲಿಗೆ ಮೋಟಾರು ಕೂಡಿಸಿಕೊಟ್ಟಿದ್ದವನು ಸಿಂಧನೂರು ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ರಫೀಕ್. ಊರಿಗೆ ಅಷ್ಟು ಸಾಕಾಗಿತ್ತು.

ರಫೀಕ್ ಹೊರಗೆ ಹೋಗಲಿಲ್ಲ. ಬಾಗಿಲ ಪಕ್ಕದಲ್ಲಿ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತ.

ಬೇವಿನ ನೆರಳಿನಲ್ಲಿ ಕುಳಿತ ರೈತರಿಗೆ ಅಳುವ ಅವಸರವೇನೂ ಇರಲಿಲ್ಲ.

“ಕುಂತಾನ ನೋಡು, ಈಗೂ ಗೇಟು ಕಾಯೋರಂಗ,” ಎಂದ ಮಲ್ಲೇಶ. ಅವನ ಗದ್ದೆ ಕಾಲುವೆಯ ಕೊನೆಯಲ್ಲಿತ್ತು.

ಪಕ್ಕದವನು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ. “ಸಣ್ಣಕ ಮಾತಾಡಲೇ. ಎದ್ದು ಬಂದು ಪೈಪ್ ಕಿತ್ತಾನು.”

“ಕಿತ್ತಿದ್ನಲ್ಲ ಆವತ್ತು. ನೆಲ್ಲು ಒಣಗಾಕತ್ತಿದ್ವು, ಕಾಲು ಹಿಡಕೊಂಡೆ, ಕೇಳಲಿಲ್ಲ. ಸರದಿ ಬರಲಿ ಅಂದ.” ಮಲ್ಲೇಶ ಬಾಗಿಲ ಕಡೆ ಗದ್ದ ತೋರಿಸಿದ. “ಮೊದಲ ಫಟಫಟಿ ಸಪ್ಪಳ ಕೇಳಿದ ಕೂಡ್ಲೆ ಪೈಪ್ ಎತ್ತತಿದ್ವಿ. ಈ ಸಾಬ ಸಪ್ಪಳ ಇಲ್ಲದ್ದ ಮಾಡಿಕೊಟ್ಟ. ದೆವ್ವ ಬಂದಂಗ ಬಂದು ಬೆನ್ನಿಗೆ ನಿಲ್ತಿದ್ದ ಬಾಲಪ್ಪ.”

“ಮತ್ತ ಇಂವನಿಗೆ ನೀ ಹಾರ ಹಾಕಬೇಕು ನೋಡು. ಮಾಡಿಕೊಟ್ಟಾಂವನೂ ಇಂವನ, ತಗದಾಂವನೂ ಇಂವನ.”

ಮಾತು ರಫೀಕನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಇತ್ತು.

*

ಬಾಲಪ್ಪನ ಮೊಣಕಾಲು ಸವೆದಾಗ ಲಿಂಗಸುಗೂರಿನ ಡಾಕ್ಟರು ಸೈಕಲ್ ತುಳಿಯಬೇಡ ಎಂದಿದ್ದರು. ಇದ್ದ ಮೋಟಾರ್‌ಬೈಕ್ ಹಳೆಯದು. ಅದರ ಸದ್ದು ಅವನಿಗಿಂತ ಮೊದಲೇ ಕಾಲುವೆಯ ಕೊನೆ ಮುಟ್ಟುತ್ತಿತ್ತು. ಹಾಗಾಗಿ ಮನೆಯ ಹಳೇ ಸೈಕಲ್ಲನ್ನು ನಡೆಸಿಕೊಂಡು ರಫೀಕನ ಅಂಗಡಿಗೆ ಬಂದ.

ರಫೀಕ್ ಮುಂದಿನ ಗಾಲಿಗೆ, ನಡುಗುಂಬದೊಳಗೇ ಕೂರುವ ಹಬ್ ಮೋಟಾರು ಕೂಡಿಸಿದ. ಸಾದಾ ಸೈಕಲ್ಲಿನ ಅಚ್ಚು ಗಾಲಿಯನ್ನು ಹೊತ್ತು ಸುಮ್ಮನಿರುತ್ತದೆ. ಮೋಟಾರು ಇದ್ದಾಗ ಹಾಗಲ್ಲ. ಅದು ಗಾಲಿಯನ್ನು ಎಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೋ ಅಷ್ಟೇ ಬಲದಿಂದ ಅಚ್ಚು ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಅದಕ್ಕೇ ಅಚ್ಚಿನ ಎರಡು ಬದಿ ಚಪ್ಪಟೆಯಾಗಿರುತ್ತವೆ. ಗಾಲಿಯನ್ನು ಎರಡೂ ಕಡೆ ಹಿಡಿಯುವ ಫೋರ್ಕಿನ ಸೀಳಿನಲ್ಲಿ ಅವು ಬಿಗಿಯಾಗಿ ಕೂರಬೇಕು. ರಫೀಕನಿಗೆ ಅಷ್ಟರಿಂದಲೂ ಸಮಾಧಾನವಾಗಲಿಲ್ಲ. ದಪ್ಪ ಉಕ್ಕಿನ ಪಟ್ಟಿಯೊಂದನ್ನು ಕೊರೆದು, ಒಂದು ತುದಿಯನ್ನು ಅಚ್ಚಿಗೆ ತೊಡಿಸಿ, ಇನ್ನೊಂದನ್ನು ಫೋರ್ಕಿನ ಕಾಲಿಗೆ ಕ್ಲಿಪ್ಪು ಹಾಕಿ ಬಿಗಿದ.

“ಇದು ಯಾತಕ್ಕ?” ಬಾಲಪ್ಪ ಕೇಳಿದ.

“ಅಚ್ಚಿನ ಕೈ ಹಿಡಕೊಂಡು ಕುಂದ್ರಾಕ.”

“ನಟ್ಟು ಐತೆಲ್ಲ.”

“ನಟ್ಟಿನ ಮ್ಯಾಲೆ ನನಗ ಭರೋಸಾ ಇಲ್ಲ. ನಿನ್ನ ಮ್ಯಾಲೂ ಇಲ್ಲ.” ರಫೀಕ್ ನಟ್ಟು ಬಿಗಿಯುವ ಪಾನಾದ ಮೇಲೆ ಮೈಭಾರ ಹಾಕಿ ಕೊನೆಯ ಸಲ ಬಿಗಿದ. “ಗಾಲಿ ತಿರುಗಲಿ ಎಷ್ಟಾರ. ಇದು ಕೂದಲೆಳೀನೂ ತಿರುಗಬಾರದು.”

*

ಮಸ್ಕಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಬಾಲಪ್ಪನ ಮಗಳು ಶಿವಕುಮಾರಿ ಅಪ್ಪನ ಹೆಣದ ಮುಂದೆ ಕುಳಿತು ಅತ್ತು, ಮುಖ ತೊಳೆದುಕೊಳ್ಳಲು ಹಿತ್ತಲಿಗೆ ಹೋದಳು. ಟ್ರ್ಯಾಕ್ಟರಿನಲ್ಲಿ ತಂದ ಸೈಕಲ್ಲು ಅಲ್ಲೇ ದನದ ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಗಾಲಿ ಪಕ್ಕದಲ್ಲಿ ಬಿದ್ದಿತ್ತು.

ಅವಳು ಮೊದಲು ನೋಡಿದ್ದು ವೈರನ್ನು. ಮೋಟಾರಿನಿಂದ ಹೊರಬಂದ ಕಪ್ಪು ವೈರು ಅಚ್ಚಿಗೆ ಬಿಗಿಯಾಗಿ ಸುತ್ತಿಕೊಂಡು ಹರಿದಿತ್ತು. ಯಾರೋ ನಟ್ಟು ಸಡಿಲಿಸಿ ಗಾಲಿ ಸುಮ್ಮನೆ ಉದುರಿದ್ದರೆ ವೈರು ಹೀಗೆ ಸುತ್ತಿಕೊಳ್ಳುವುದಿಲ್ಲ. ಅಚ್ಚೇ ತಿರುಗಿ ನಟ್ಟನ್ನೂ ಬಿಚ್ಚಿಸಿತ್ತು. ಯಾಕೆ ತಿರುಗಿತು ಎಂದು ಫೋರ್ಕಿನ ಬಳಿ ಕುಕ್ಕರಗಾಲಲ್ಲಿ ಕುಳಿತಳು.

ಸೈಕಲ್ಲಿಗೆಲ್ಲ ಹಸಿರು ಬಣ್ಣ ಬಳಿದಿತ್ತು. ಕಾಲುವೆಯ ಗೇಟಿಗೆ ಬಳಿಯುವಂಥ ದಪ್ಪ ಬಣ್ಣ. ಫೋರ್ಕಿನ ಕಾಲಿನಲ್ಲಿ ಕ್ಲಿಪ್ಪು ಕಚ್ಚಿದ್ದ ಗುರುತು ಬಣ್ಣದ ಕೆಳಗಿತ್ತು. ಪಟ್ಟಿ ಬಿಚ್ಚಿದ ಮೇಲೆ ಬಣ್ಣ ಬಿದ್ದಿದೆ, ಮತ್ತೆ ಪಟ್ಟಿ ಏರಿಲ್ಲ. ಸೀಳಿನ ಒಳ ಅಂಚಿನಲ್ಲಿ ಮಾತ್ರ ಬಣ್ಣವಿರಲಿಲ್ಲ. ಅಲ್ಲಿ ಕಬ್ಬಿಣ ಹೊಳೆಯುತ್ತಿತ್ತು. ಅದರ ಮೇಲೆ ಒಂದೇ ದಿಕ್ಕಿನ ಸಣ್ಣ ಗೀರುಗಳು. ಅರದ ಗೀರು. ಬೆರಳು ಹಚ್ಚಿದರೆ ಗ್ರೀಸು ಅಂಟಿತು.

ಯಾರ ಕೈ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅಪ್ಪ ವರ್ಷಕ್ಕೊಮ್ಮೆ ತೂಬಿನ ಗೇಟುಗಳನ್ನು ಬಿಚ್ಚಿ, ಬಣ್ಣ ಬಳಿದು, ಬಿಗಿಯಾದ ಕಡೆ ಅರ ಉಜ್ಜಿ, ಗ್ರೀಸು ತುಂಬುತ್ತಿದ್ದ. ಒಂದೇ ಕೈಯಲ್ಲಿ ತಿರುಗಬೇಕು ಎನ್ನುತ್ತಿದ್ದ. ಮನೆಯ ಬಾಗಿಲ ಕೀಲಿಗೂ ಅದೇ ಉಪಚಾರ, ರಾಟೆಗೂ ಅದೇ.

*

ಹೋದ ಮಹಾನವಮಿಯ ಪೂಜೆಗೆಂದು ಸಿಂಗರಿಸಿದ ಸೈಕಲ್ಲನ್ನು ಬಾಲಪ್ಪ ಅಂಗಡಿಯ ಮುಂದೆ ನಿಲ್ಲಿಸಿ ಗಂಟೆ ಬಾರಿಸಿದ್ದ. ರಫೀಕ್ ಬಣ್ಣ ನೋಡಲಿಲ್ಲ, ಕೆಳಗೆ ನೋಡಿದ.

“ಪಟ್ಟಿ ಎಲ್ಲಿ?”

“ಬಣ್ಣ ಕೆರಿಯಾಕತ್ತಿತ್ತು. ತಗದಿಟ್ಟೀನಿ.”

ರಫೀಕ್ ಬಗ್ಗಿ ಗಾಲಿ ಅಲುಗಾಡಿಸಿದ. ಅಚ್ಚು ಸೀಳಿನಲ್ಲಿ ಸಣ್ಣಗೆ ಟಕ್ ಎಂದಿತು. “ಅರ ಹಚ್ಚೀಯೇನು ಇದಕ್ಕ?”

“ಬಣ್ಣ ಆದ ಮ್ಯಾಲೆ ಅಚ್ಚು ಕುಂದರವಲ್ದಾತು. ಎರಡು ಸಲ ಉಜ್ಜಿ ಗ್ರೀಸ್ ಹಚ್ಚಿದೆ. ಈಗ ಬೆಣ್ಯಾಗ ಕೂದಲು ತಗದಂಗ ಬರತೈತಿ.”

“ತೂಬು ಅಂತ ತಿಳದೀ ಇದನ್ನ? ಇಲ್ಲೇ ಬಿಟ್ಟು ಹೋಗು. ಫೋರ್ಕ್ ಬದಲು ಮಾಡ್ತೀನಿ.”

ಅಂಗಡಿಯಲ್ಲಿ ಜನರಿದ್ದರು. ಬಾಲಪ್ಪನ ಮುಖ ಬಿಗಿಯಿತು. “ನಾ ಕಬ್ಬಿಣ ತಿರುವಾಕತ್ತಾಗ ನೀ ಪಂಚರ್ ಹಾಕೋದೂ ಕಲತಿರಲಿಲ್ಲ. ನನಗ ಕಲಿಸ್ತೀಯೇನು?”

“ಹಂಗಾರ ಒಯ್ಯಿ,” ರಫೀಕ್ ಪಾನಾ ಬಿಸಾಕಿದ. “ಒಯ್ಯಿ, ಎಲ್ಲ್ಯಾರ ಹಾಳಾಗಿ ಹೋಗು. ನನ್ನ ಅಂಗಡಿ ಮುಂದ ಗಂಟಿ ಬಾರಿಸಬ್ಯಾಡ ಇನ್ನ.”

ಬಾಲಪ್ಪ ಬಾರಿಸಲಿಲ್ಲ. ರಫೀಕನ ಜೊತೆ ದಿನಾ ಚಹಾ ಕುಡಿಯುವ ಹೋಟೆಲನ್ನೂ ಬದಲಿಸಿದ.

*

“ಕಾಕಾ, ಒಂದು ಮಾತು.” ಶಿವಕುಮಾರಿ ಗ್ರೀಸಿನ ಬೆರಳು ಹಾಗೇ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಆಂಜನೇಯ ಹೆಣದ ಕುರ್ಚಿಗೆ ಬಿದಿರು ಕಟ್ಟಿಸುತ್ತಿದ್ದ. “ರಫೀಕ್ ಮಾಮಾನ ಕೆಲಸದಾಗ ತಪ್ಪಿಲ್ಲ. ಹಿತ್ತಲದಾಗ ನೋಡಿ ಬಂದೀನಿ. ಪಟ್ಟಿ ಬಿಚ್ಚಿ, ಸೀಳಿಗೆ ಅರ ಹಚ್ಚ್ಯಾರ. ಮಾಡಿದಾಂವ ಅಪ್ಪ.”

ಹಗ್ಗ ಬಿಗಿಯುತ್ತಿದ್ದ ಕೈ ನಿಂತಿತು. “ಅಂದ್ರ ನಿಮ್ಮಪ್ಪ ತನ್ನ ಕೈಯಾರೆ ಸತ್ತಾನ ಅಂತೀ. ಹೆಣದ ಮುಂದ ನಿಂತು.”

“ತಿಳೀಲಾರದ ಮಾಡ್ಯಾನ ಅಂತೀನಿ.”

“ಇಡೀ ಕಾಲುವಿ ನಡೆಸಿದಾಂವಗ ಒಂದು ಗಾಲಿ ತಿಳಿಲಿಲ್ಲನು? ಸಾಲಿ ಕಲಿಸೋದು ಮಸ್ಕ್ಯಾಗ ಇಟಗೊ. ಮಣ್ಣಾದ ಮ್ಯಾಲೆ ಠಾಣೆಗೆ ನಾ ಹೊಂಟೀನಿ. ಏನು ಬರಸಬೇಕು ನನಗ ಗೊತ್ತೈತಿ.”

ಬೇವಿನ ಕೆಳಗಿನಿಂದ ಮಲ್ಲೇಶ ಹೇಳಿದ: “ಮಗಳ ಹೇಳಾಕತ್ತಾಳಂದ್ರ ಇದ್ದೀತು ಬಿಡು. ಅಂವ ಯಾರ ಮಾತು ಕೇಳ್ಯಾನ ಹೇಳು.”

“ನೀ ಬಾಯಿ ಮುಚ್ಚು. ನೀರುಗಳ್ಳ,” ಎಂದ ಆಂಜನೇಯ.

ಬಾಲಪ್ಪನ ಹೆಂಡತಿ ಅಮರಮ್ಮ ಅಲ್ಲಿಯತನಕ ಗಂಡನ ಪಾದದ ಬಳಿ ಸುಮ್ಮನೆ ಕುಳಿತಿದ್ದಳು. ಈಗ ತಲೆಯೆತ್ತಿ ನೇರ ಬಾಗಿಲ ಕಡೆ ನೋಡಿದಳು.

“ರಫೀಕ್. ಪಟ್ಟಿ ತಗದದ್ದು ನಿನಗ ಗೊತ್ತಿತ್ತನು?”

“ಗೊತ್ತಿತ್ತಕ್ಕ.”

“ಗೊತ್ತಿದ್ದು ಯಾಕ ಹೋಗಗೊಟ್ಟಿ ಅಂವನ್ನ?”

ಅಮರಮ್ಮ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಶಿವಕುಮಾರಿ ಬಿಡಿಸಲು ಬಂದ ಗಂಟನ್ನು ಅವ್ವ ಬೇರೊಂದು ಕಡೆಯಿಂದ ಬಿಗಿದಿದ್ದಳು.

“ಕೇಳಿದಿರಲ್ಲ ಎಲ್ಲಾರೂ,” ಎಂದ ಆಂಜನೇಯ. “ಎತ್ತರಿ.”

ಭಜನೆಯವರು ತಾಳ ಹಾಕಿದರು. ಕುರ್ಚಿ ಹೆಗಲೇರಿತು. ರಫೀಕ್ ಮೆರವಣಿಗೆಯ ಹಿಂದೆ, ಹೆಂಗಸರಿಗೂ ಹಿಂದೆ, ಧೂಳು ಕೂತ ಮೇಲೆ ನಡೆದ.

*

ಕುಣಿ ತೋಡಿದ್ದು ಕಾಲುವೆಯ ಕೆಳಗಿನ ರುದ್ರಭೂಮಿಯಲ್ಲಿ. ಪಕ್ಕದಲ್ಲೇ ಗದ್ದೆಗಳಿಗೆ ಹೋಗುವ ಸಣ್ಣ ಕಾಲುವೆ ಒಣಗಿ ಬಿದ್ದಿತ್ತು. ಈ ಕಡೆಯ ಸರದಿ ಇನ್ನೂ ಬಂದಿರಲಿಲ್ಲ.

ಬಾಲಪ್ಪನನ್ನು ಇಳಿಸಿದರು. ಆಂಜನೇಯ ಮೊದಲ ಹಿಡಿ ಮಣ್ಣು ಹಾಕಿದ. ಅಮರಮ್ಮ ಹಾಕಿದಳು, ಶಿವಕುಮಾರಿ ಹಾಕಿದಳು. ಆಮೇಲೆ ಜನ ಸಾಲಾಗಿ ಬಂದರು. ರಫೀಕ್ ಸಾಲಿನ ಕೊನೆಗೆ ನಿಂತು ಒಂದು ಹಿಡಿ ಮಣ್ಣು ಎತ್ತಿಕೊಂಡ. ಆಂಜನೇಯ ಕುಣಿಯ ತಲೆದಿಸೆಯಿಂದ ಸುತ್ತಿ ಬಂದು ಅವನೆದುರು ಅಡ್ಡ ನಿಂತ. ಸಲಿಕೆ ಅವನ ಕೈಯಲ್ಲೇ ಇತ್ತು.

“ಚೆಲ್ಲು ಅದನ್ನ.”

ರಫೀಕ್ ಚೆಲ್ಲಲಿಲ್ಲ. ಮುಂದೆಯೂ ಬರಲಿಲ್ಲ.

ಇದನ್ನು ನೋಡುತ್ತಿದ್ದ ಮಲ್ಲೇಶನ ಗಮನ ತಟ್ಟನೆ ಬೇರೆ ಕಡೆ ಹೋಯಿತು. ಒಣಗಿದ ಸಣ್ಣ ಕಾಲುವೆಯಲ್ಲಿ ಎಲೆಗಳು ಸರಿಯುತ್ತಿದ್ದವು. ಅವುಗಳ ಹಿಂದೆ ಕಂದು ನೀರಿನ ನಾಲಗೆ.

“ತೂಬು ಯಾರೋ ಎತ್ಯಾರ,” ಎಂದ ಮೆಲ್ಲಗೆ. ಹೇಳಿದ ಮೇಲೆ ಹೇಳಬಾರದಿತ್ತು ಎಂಬಂತೆ ಸುತ್ತ ನೋಡಿದ. ಕೈಯಲ್ಲಿದ್ದ ಮಣ್ಣನ್ನು ಕುಣಿಯ ಅಂಚಿನಲ್ಲೇ ಬಿಟ್ಟು, ಅಂಗೈ ಒರೆಸಿಕೊಂಡು, ಬೈಕಿನ ಕಡೆ ನಡೆದ. ನಾಲ್ಕು ಹೆಜ್ಜೆಯಾದ ಮೇಲೆ ಓಡಿದ.

ಮಿಕ್ಕವರಿಗೆ ಅಷ್ಟೇ ಸಾಕಿತ್ತು. ಮುಂದೆ ಹೋದವನ ಗದ್ದೆ ತುಂಬುತ್ತದೆ, ಹಿಂದೆ ಉಳಿದವನದು ಇಲ್ಲ. ಒಬ್ಬ ಮಗನನ್ನು ಫೋನಿನಲ್ಲಿ ಕರೆಯುತ್ತ ಹೋದ. ಒಬ್ಬ ಕುಣಿ ಮುಚ್ಚಲು ತಂದಿದ್ದ ತನ್ನ ಸಲಿಕೆಯನ್ನು ಹೆಗಲಿಗೇರಿಸಿಕೊಂಡೇ ಹೋದ. ಭಜನೆಯವರು ತಾಳಗಳನ್ನು ಅಂಗಿಯ ಜೇಬಿಗೆ ತುರುಕಿಕೊಂಡರು. ಬೈಕುಗಳ ಸದ್ದು ಕಾಲುವೆಯ ಏರಿಗುಂಟ ದೂರವಾಯಿತು. ಹೆಂಗಸರು ನಾಲ್ಕು ಮಂದಿ ಉಳಿದರು, ಆಂಜನೇಯ ಉಳಿದ, ರಫೀಕ್ ಉಳಿದ. ಇನ್ನೊಂದು ಸಲಿಕೆ ಮಾತ್ರ ನೆಲದ ಮೇಲೆ ಬಿದ್ದಿತ್ತು.

“ನಿಲ್ಲರಿ,” ಎಂದ ಆಂಜನೇಯ, ಕೇಳುವಷ್ಟು ಹತ್ತಿರ ಯಾರೂ ಇಲ್ಲದಾಗ. ಆಮೇಲೆ ಒಬ್ಬನೇ ಮಣ್ಣು ಎಳೆಯತೊಡಗಿದ. ರಾಶಿ ಸೊಂಟದೆತ್ತರ ಇತ್ತು. ಬೇಗ ಏದುಸಿರು ಬಂತು.

ಸಣ್ಣ ಕಾಲುವೆ ತುಂಬಿ, ದಂಡೆ ಕಟ್ಟದ ಕಡೆಯಿಂದ ನೀರು ರುದ್ರಭೂಮಿಗೆ ಇಳಿಯಿತು. ಮೊದಲು ಹುಲ್ಲು ತೋಯಿತು, ಆಮೇಲೆ ಕುಣಿಯ ಅಂಚು. ಒಂದು ಮಗ್ಗುಲಿನ ಮಣ್ಣು ಕರಗಿ ಒಳಗೆ ಜಾರಿತು. ಅಮರಮ್ಮ ಸೆರಗಿನಲ್ಲಿ ಮಣ್ಣು ತುಂಬಿಕೊಂಡು ಬಂದು ಅಲ್ಲಿ ಸುರಿದಳು. ಅದೂ ಜಾರಿತು.

“ಆಂಜನೇಯ,” ಎಂದಳು ಆಕೆ, ಎತ್ತರಿಸದ ದನಿಯಲ್ಲಿ. “ನಿಮ್ಮಣ್ಣ ತೋಯಾಕತ್ತಾನ.”

ಆಂಜನೇಯ ಸೊಂಟ ಹಿಡಿದು ನಿಂತ. ಕೆಳಗೆ ಬಿದ್ದ ಸಲಿಕೆಯನ್ನು ಕಾಲಿನಿಂದ ರಫೀಕನ ಕಡೆ ಒದ್ದ.

“ತುಂಬು,” ಎಂದ, ಮುಖ ನೋಡದೆ. “ಠಾಣೆಗೆ ಹೋಗೋದು ಬಿಟ್ಟಿಲ್ಲ ನಾ.”

“ಹೋಗು,” ಎಂದ ರಫೀಕ್.

ಅವನು ಸಲಿಕೆ ತುಂಬ ಹಸಿಮಣ್ಣು ಎತ್ತಿ ಬಾಲಪ್ಪನ ಕಾಲದಿಸೆಗೆ ಹಾಕಿದ. ಅಲ್ಲಿ ಆಗಲೇ ನೀರು ನಿಂತಿತ್ತು. ಮಣ್ಣು ಚಳ್ ಎಂದು ಬಿದ್ದು ಕೆಸರು ಅವನ ಮುಖಕ್ಕೂ ಆಂಜನೇಯನ ಮುಖಕ್ಕೂ ಸಿಡಿಯಿತು. ಇಬ್ಬರೂ ಒರೆಸಿಕೊಳ್ಳಲಿಲ್ಲ. ಒಬ್ಬನ ಸಲಿಕೆ ಇಳಿದಾಗ ಇನ್ನೊಬ್ಬನದು ಏಳುತ್ತಿತ್ತು. ಆಚೆ ಗದ್ದೆಗಳಲ್ಲಿ ಊರ ಗಂಡಸರೆಲ್ಲ ಬಗ್ಗಿಕೊಂಡು ನೀರಿಗೆ ಬದು ಒಡೆಯುತ್ತಿದ್ದರು.